ಮೆಕ್ಕೆಜೋಳದ ಚಮಚ

ನಮ್ಮ ಚಿಕ್ಕಮ್ಮ ಚಮಚದ ಕಾರ್ಖಾನೆಗೆ ಸೇರಿದಾಗ ನನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಚ್ಚಿನ ಯಂತ್ರ ಓಡಿಸಿ, ಅದರಿಂದ ಬರುವ ಬಿಸಿ ಪ್ಲಾಸ್ಟಿಕ್ ಚಮಚಗಳನ್ನು ತೆಗೆದು ಜೋಡಿಸುವುದು ಅವಳ ಕೆಲಸ. ಕೈಗವಸಿಲ್ಲದೆ ಅವನ್ನು ಮುಟ್ಟಿದವಳೇ ಅಲ್ಲ. ಮನೆಗೆ ಒಂದನ್ನೂ ತಂದವಳಲ್ಲ. ಯಾರ ಮಗು ಪ್ಲಾಸ್ಟಿಕ್ ಬಾಯಿಗಿಟ್ಟರೂ ಥಟ್ಟನೆ ಕಿತ್ತುಕೊಳ್ಳುವಳು.

"ಆ ಹೊಗೆ ಕುಡಿದಿರೋಳು ನಾನು. ನನಗೆ ಗೊತ್ತು!"

ನನಗೋ ಮೈಯೆಲ್ಲ ಉರಿಯುತ್ತಿತ್ತು. "ಹಾಗಾದ್ರೆ ಊರವರ ಮಕ್ಕಳು ಮಾತ್ರ ಅದರಲ್ಲಿ ತಿನ್ನಬಹುದಾ?" ಎಂದು ಒಂದು ದಿನ ಕೇಳಿಯೇ ಬಿಟ್ಟೆ.

ಅವಳ ಮುಖ ಸಣ್ಣದಾಯಿತು. "ಅದೇ ಕಣೇ ನನ್ನ ಸಂಕಟ. ನಾಳೆ ಧೈರ್ಯವಾಗಿ ಮೊಮ್ಮಕ್ಕಳ ಬಾಯಿಗಿಡೋ ಅಂಥದ್ದು ಒಂದಾದ್ರೂ ಈ ಕೈಯಲ್ಲಿ ಆಗಬೇಕು."

ಹೋದ ವರ್ಷ ಕಾರ್ಖಾನೆಗೆ ಹೊಸ ಕಚ್ಚಾಮಾಲು ಬಂತು. ನೋಡಲು ಅದೇ ಪ್ಲಾಸ್ಟಿಕ್ ಕಾಳು, ಮಾಡಿದ್ದು ಮಾತ್ರ ಮೆಕ್ಕೆಜೋಳದಿಂದ. "ಕಿವಿಗೆ ಹೂ ಇಡಬೇಡಿ" ಎಂದಳಂತೆ ಚಿಕ್ಕಮ್ಮ. ಅಭ್ಯಾಸಬಲದಿಂದ ಯಂತ್ರವನ್ನು ಹಳೆಯ ಕಾವಿನಲ್ಲೇ ಓಡಿಸಿದಳು. ಚಮಚಗಳು ಕಂದು ತಿರುಗಿದವು, ಸೀದ ಸಕ್ಕರೆಯ ವಾಸನೆ ಎದ್ದಿತು. ಅಕ್ಕಪಕ್ಕದವರೆಲ್ಲ ಕೆಲಸ ಬಿಟ್ಟು ಮೂಗರಳಿಸಿ ನಿಂತರು.

"ಏನಮ್ಮಾ, ಪಾಕ ಕಾಯಿಸ್ತಿದ್ದೀಯಾ?" ಎಂದ ಮೇಸ್ತ್ರಿ.

ಕಾವು ಇಳಿಸಿದ ಮೇಲೆ ಬಂದ ಚಮಚವನ್ನು ಅವಳು ಮನೆಗೆ ತಂದಳು. ಕಿಟಕಿಯ ಬೆಳಕಿಗೆ ಹಿಡಿದು, "ಹೊಲದಲ್ಲಿ ನಿಂತಿದ್ದು ಕಣೇ ಇದು! ತೆನೆಯೊಳಗೆ ಇದ್ದಿದ್ದು!" ಎಂದು ಮತ್ತೆ ಮತ್ತೆ ತಿರುಗಿಸಿ ನೋಡಿದಳು. ನಾನೂ ಬೆಪ್ಪಾಗಿ ನೋಡಿದೆ. ಗಾಜಿನಂತೆ ತಿಳಿಯಾಗಿತ್ತು.

ಮೊಮ್ಮಗಳು ಹುಟ್ಟಿ, ಅವಳಿಗೆ ಬಾಳೆಹಣ್ಣು ಕಿವುಚಿ ತಿನ್ನಿಸಲು ಶುರುಮಾಡಿದ ದಿನ ಅದನ್ನು ಹೊರತೆಗೆದರು. ಚಿಕ್ಕಮ್ಮನ ಮಗಳಿಗೆ ಮೊದಲೇ ಶುಚಿಯ ಹುಚ್ಚು. ಚಮಚವನ್ನು ಕುದಿಯುವ ನೀರಿಗೆ ಹಾಕಿದಳು. ನೋಡನೋಡುತ್ತಿದ್ದಂತೆ ಅದು ಮುದುಡಿಕೊಂಡಿತು.

"ಅಮ್ಮಾ! ಇದೇನಾ ನಿನ್ನ ಚಮಚ?"

"ಅಯ್ಯೋ ನಿನ್ನ! ಅದು ಕುದಿನೀರು ತಡೆಯಲ್ಲ ಕಣೇ!"

"ಮೊದಲೇ ಹೇಳೋದಲ್ವಾ? ಬಿಡು, ಸ್ಟೀಲಿಂದು ತರ್ತೀನಿ."

ಚಿಕ್ಕಮ್ಮ ಇಷ್ಟು ವರ್ಷ ಕಾದದ್ದು ಹೀಗೆ ಹೋಯಿತಲ್ಲ!

ಚಿಕ್ಕಮ್ಮ ಇಕ್ಕಳದಿಂದ ಅದನ್ನು ಎತ್ತಿದಳು. ಉಫ್ ಉಫ್ ಎಂದು ಊದಿ, ಮೆತ್ತಗಿರುವಾಗಲೇ ಬರಿಗೈಯಲ್ಲಿ ತೀಡಿ ತೀಡಿ ನೆಟ್ಟಗೆ ಮಾಡಿದಳು. ಆರುವವರೆಗೂ ಅಂಗೈಯಲ್ಲಿ ಅದುಮಿ ಹಿಡಿದಿದ್ದಳು. ಹಿಡಿ ಸ್ವಲ್ಪ ಸೊಟ್ಟಗೇ ಉಳಿಯಿತು.

ಬಾಳೆಹಣ್ಣು ಖಾಲಿಯಾದರೂ ಮಗು ಚಮಚ ಬಿಡಲಿಲ್ಲ. ವಸಡಿನಲ್ಲಿ ಕಚ್ಚಿ ಹಿಡಿದಿತ್ತು. ಚಿಕ್ಕಮ್ಮ ಕಿತ್ತುಕೊಳ್ಳಲಿಲ್ಲ.

"ಕಚ್ಚು ಪುಟ್ಟಿ, ಕಚ್ಚು. ನಾನೇ ಮಾಡಿದ್ದು."