ಕನ್ನಡದ ಫೋನು ಕೇಳುತ್ತಿದ್ದವನು

ನನ್ನ ತಮ್ಮ ಮುರಗೆಪ್ಪ ಮಿಲಿಟರಿಯ ನೌಕರಿ ಮುಗಿಸಿ ಬನಹಟ್ಟಿಗೆ ತಿರುಗಿ ಬಂದಾಗ ಚಹಾದಂಗಡಿಯ ಮಂದಿ ಅವನನ್ನು ಬಿಡಲಿಲ್ಲ.

“ಯಾವ ಗುಡ್ಡದ ಮ್ಯಾಲ ಇದ್ರಿ ಕಾಕಾ?”

“ಎತ್ತರ ಗುಡ್ಡದ ಮ್ಯಾಲ.”

“ಎಷ್ಟ ಮಂದಿ ಇದ್ರಿ?”

“ಈ ಕಿಟ್ಲ್ಯಾಗಿನ ಚಹಾ ಸಾಲೂದಿಲ್ಲ, ಅಷ್ಟ ಮಂದಿ.”

ಅವರು ನಗುತ್ತಿದ್ದರು. ಇವನು ನಗುತ್ತಿರಲಿಲ್ಲ. ಮನೆಯಲ್ಲೂ ಹಾಗೆಯೇ. ಜಮಖಂಡಿಗೆ ಹೊರಟರೂ “ಹೊರಗ ಹೋಗಿ ಬರತೇನಿ” ಎನ್ನುವನೇ ಹೊರತು ಊರಿನ ಹೆಸರಿಲ್ಲ, ಹೊತ್ತಿನ ಮಾತಿಲ್ಲ.

ಅವನ ಕೆಲಸ ಏನಿತ್ತೆಂದು ನನಗೆ ತಿಳಿದದ್ದು ಗಲಗಲಿಯ ಕಾವೇರಿ ನಮ್ಮ ಮನೆಗೆ ಬಂದ ದಿನ. ಅವಳ ಗಂಡ ಹಾಲಸಿದ್ದಪ್ಪ ಸಿಪಾಯಿ, ತೊಂಬತ್ತೊಂಬತ್ತರ ಯುದ್ಧದಲ್ಲಿ ತೀರಿಕೊಂಡವನು. ಎಷ್ಟೋ ವರ್ಷದ ಮೇಲೆ ಅವನ ಜೊತೆಗಾರನೊಬ್ಬ ಅವಳಿಗೆ ಹೇಳಿದ್ದನಂತೆ, ಫೋನಿನಲ್ಲಿ ನಿಮ್ಮ ಮಾತು ಕೇಳುತ್ತಿದ್ದವನು ಬನಹಟ್ಟಿಯವನು ಎಂದು.

“ಖರೇನ್ರಿ ಅಣ್ಣಾರ?”

“ಖರೆ, ತಂಗಿ.”

ಸಿಪಾಯಿಗಳು ಮನೆಗೆ ಫೋನು ಹಚ್ಚಿದರೆ ನಡುವೆ ಒಬ್ಬ ಕಿವಿಗೊಟ್ಟು ಕೂತಿರಬೇಕು. ಮಳೆ, ಎಮ್ಮೆ, ಮಕ್ಕಳ ಜ್ವರ ಏನು ಬೇಕಾದರೂ ಮಾತಾಡಬಹುದು. ಇರುವ ಜಾಗವೋ ಹೊರಡುವ ದಿನವೋ ಬಾಯಿಗೆ ಬಂತೆಂದರೆ ಲೈನು ಕಡಿಯಬೇಕು, ವೈರಿಯೂ ಕೇಳುತ್ತಿದ್ದಾನು. ನಮ್ಮ ಹೆಣ್ಣುಮಕ್ಕಳಿಗೆ ಹಿಂದಿ ಬಾರದು. ಅದಕ್ಕೆ ಕನ್ನಡದವನು ಬೇಕೆಂದು ಇವನನ್ನು ಕೂಡಿಸಿದರು. ನೇಕಾರರ ಮಗ. ಅಷ್ಟು ಮಗ್ಗಗಳ ಸಪ್ಪಳದಲ್ಲೂ ಒಂದು ಎಳೆ ಹರಿದರೆ, ಕಣ್ಣು ನೋಡುವ ಮೊದಲೇ ಕೈ ಹೋಗಿ ಮಗ್ಗ ನಿಲ್ಲಿಸುತ್ತದೆ. ಅಲ್ಲಿಯೂ ಅದೇ ಕೈ.

“ಅವತ್ತ ನಮ್ಮನಿಯವರು ಅಂಗಡಿ ಫೋನಿಗೆ ಮಾಡಿದ್ರು. ‘ನಾಳಿ ಇಲ್ಲಿಂದ ಮ್ಯಾಲ’ ಅಂದ್ರು, ಕಟ್ ಆತು. ಮುಂದ ಹೆಣಾನ ಬಂತು. ನೀವ ಕಡದ್ರೇನ್ರಿ?”

“ನಾನ ಕಡದೆ.”

ಅವಳು ಬೈಯಲಿಲ್ಲ, ಅಳಲಿಲ್ಲ. “ಕಡದ ಮ್ಯಾಲೂ ಅವರ ದನಿ ನಿಮಗ ಕೇಳತಿತ್ತಂತ. ಏನಂದ್ರು? ಅಷ್ಟ ಹೇಳ್ರಿ, ಅದಕ್ಕ ಬಂದೇನಿ.”

ಕೇಳಿದ್ದನ್ನು ಹೊರಗೆ ಆಡೆನೆಂದು ಆಣೆ ಮಾಡಿದವನು.

“ಲೇ ತಮ್ಮಾ,” ಎಂದೆ ನಾನು, “ಆ ಗುಡ್ಡದ ಹೆಸರ ಪೇಪರಿನ್ಯಾಗ ಬಂದು, ಆ ಪೇಪರಿನ್ಯಾಗ ಚುರಮುರಿ ಕಟ್ಟೂದೂ ಆತು. ಇನ್ನ ಯಾರಿಂದ ಮುಚ್ಚತಿ?”

ಅವನು ನೆಲ ನೋಡಿಕೊಂಡೇ ಹೇಳಿದ. “ಹೋಗೂ ಜಾಗಾ ಹೇಳಿದ. ಕಟ್ ಆಗಿದ್ದು ಅವಗ ಗೊತ್ತಿರಲಿಲ್ಲ. ಆಮ್ಯಾಲ ಹಲೋ, ಹಲೋ ಅಂದ. ‘ಕಾವೇರಿ, ಅದೀಯೇನು?’ ಅಂದ. ಒಂದೀಟ ಹೊತ್ತ ಹಿಡಕೊಂಡ ನಿಂತ. ಇಟ್ಟ.”

“ಮತ್ತೇನಿಲ್ಲ?”

“ಮತ್ತೇನಿಲ್ಲ, ತಂಗಿ.”

“ಈ ಕಡಿ ನಾನೂ ಹಂಗ ಅಂದ್ನಿ. ಅದೀರೇನು, ಅಂತ.”

ಚಹಾ ಕೊಟ್ಟೆ. ಕುಡಿದಳು. ಕಪ್ಪು ಕೆಳಗಿಟ್ಟು ಎದ್ದಳು.

“ಗಲಗಲಿ ಬಸ್ಸು ಎಷ್ಟಕ್ಕ ಐತ್ರಿ ಅಣ್ಣಾರ?”

ಅವನಿಗೆ ಗೊತ್ತಿತ್ತು. ಬಾಯಿ ತೆರೆದು, ಮುಚ್ಚಿ, ನನ್ನ ಮುಖ ನೋಡಿದ. ನಾನೇ ಹೇಳಿದೆ.