ಮೊದಲ ಉಸಿರು ಇವರದು

ಬೆಳಗಿನ ಐದೂವರೆ. ಸರೋವರದ ದಡದ ಶೆಡ್ಡಿನಲ್ಲಿ ಐವತ್ತೆರಡರ ಹೆಂಗಸೊಬ್ಬರು ಎಂಟು ಸಿಲಿಂಡರುಗಳ ಮುಂದೆ ಮಣೆ ಹಾಕಿಕೊಂಡು ಕೂತಿದ್ದಾರೆ. ಒಂದೊಂದರ ತಿರುಪನ್ನು ತುಸುವೇ ಸಡಿಲಿಸಿ, ಹೊರಬಂದ ಗಾಳಿಯನ್ನು ಕಣ್ಣು ಮುಚ್ಚಿ ಮೂಸುತ್ತಾರೆ. ಆಮೇಲೆ ಕೊಳವೆಗೆ ಬಾಯಿಟ್ಟು ಮೂರು ಉಸಿರು ಎಳೆಯುತ್ತಾರೆ. ಕೂಸಿಗೆ ಕುಡಿಸುವ ಮುನ್ನ ಹಾಲಿನ ಬಿಸಿಯನ್ನು ಕೈಮೇಲೆ ನೋಡಿಕೊಳ್ಳುತ್ತೇವಲ್ಲ, ಅಷ್ಟೇ ಸಹಜವಾಗಿ.

ರಜೆಯ ಖುಷಿಗೆ ಸರೋವರದ ಆಳಕ್ಕೆ ಇಳಿಯುವವರು ಬೆನ್ನಿಗೆ ಕಟ್ಟಿಕೊಳ್ಳುವುದು ಈ ಸಿಲಿಂಡರುಗಳನ್ನೇ. ಅವರ ಫೋಟೊಗಳಲ್ಲಿ ಮೀನಿರುತ್ತದೆ, ಮುಳುಗಿದ ಹಳೆಯ ದೋಣಿಯಿರುತ್ತದೆ; ಗಾಳಿ ತುಂಬಿದವರು ಇರುವುದಿಲ್ಲ. ದಡದಲ್ಲಿ ಎಲ್ಲರ ಬಾಯಲ್ಲೂ ಇವರು ಗಾಳಿಯಕ್ಕ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ದಿನಕ್ಕೆ ಇಪ್ಪತ್ತು ಸಿಲಿಂಡರ್, ರಜೆಯಿದ್ದರೆ ಮೂವತ್ತು. ಒಂದೊಂದೂ ಹದಿನಾಲ್ಕು ಕಿಲೊ. ಎತ್ತಿ ಎತ್ತಿ ಬಲಭುಜ ಎಡಕ್ಕಿಂತ ಇಳಿದಿದೆ.

"ತಲೆಗೆ ಎಣ್ಣೆ ಹಚ್ಚಲ್ಲ, ವಾಸನೆ ಸೋಪು ಮುಟ್ಟಲ್ಲ. ಇದು ಮುಗಿಯೋವರೆಗೆ ಕಾಫಿನೂ ಇಲ್ಲ. 'ನಿನ್ ಮೂಗಿಗಿರೋ ಮರ್ಯಾದೆ ಈ ಮನೇಲಿ ನಂಗಿಲ್ಲ' ಅಂತಾರೆ ನಮ್ಮನೆಯವರು," ಎಂದು ಇವರ ಬಗ್ಗೆ ಬರೆಯಲು ಬಂದ ನನ್ನತ್ತ ನೋಡಿ ನಗುತ್ತಾರೆ.

ಈ ಹಟದ ಹಿಂದೆ ಒಂದು ಹೆದರಿಕೆಯಿದೆ. ಪ್ರವಾಸಿಗರಿಗೆ ನೀರೊಳಗೆ ದಾರಿ ತೋರಿಸುವ ಗೈಡ್ ಇವರ ಮಗಳೇ. ಆರು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ದಿನ ಮೇಲೆ ಬಂದವಳೇ ತಲೆ ಹಿಡಿದುಕೊಂಡು ವಾಂತಿ ಮಾಡಿಕೊಂಡಳು. ಸಿಲಿಂಡರ್ ತುಂಬುವ ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಪೈಪಿನತ್ತ ಜನರೇಟರಿನ ಹೊಗೆ ತಿರುಗಿದ್ದನ್ನು ಯಾರೂ ಗಮನಿಸಿರಲಿಲ್ಲ.

"ತುಂಬಿ ಕೊಟ್ಟಿದ್ದು ನಾನೇ. ಆಸ್ಪತ್ರೇಲಿ ಮಲಗಿಕೊಂಡು 'ಹೋಗ್ಲಿ ಬಿಡಮ್ಮ' ಅಂದ್ಲು. ಹೇಗೆ ಬಿಡ್ಲಿ ಹೇಳಿ?"

ಐದನೆಯ ಸಿಲಿಂಡರಿನ ಗಾಳಿಯನ್ನು ಮತ್ತೆ ಮೂಸುತ್ತಾರೆ. ಆರು, ಏಳು, ಎಂಟು. ನಾಲ್ಕರಲ್ಲೂ ಸಣ್ಣಗೆ ಹೊಗೆಯ ವಾಸನೆ. ಎದ್ದು ಶೆಡ್ಡಿನ ಹಿಂದಕ್ಕೆ ಹೋಗುತ್ತಾರೆ. ಪೈಪಿನ ಬುಡದಲ್ಲೇ ವ್ಯಾನೊಂದರ ಚಕ್ರದ ಗುರುತು, ಪಕ್ಕದಲ್ಲಿ ಕಪ್ಪು ಎಣ್ಣೆಯ ಕಲೆ. ನಿನ್ನೆ ಸಂಜೆ ಕೊನೆಯ ನಾಲ್ಕನ್ನು ತುಂಬುವಾಗ ಯಾರೋ ಇಲ್ಲಿ ಎಂಜಿನ್ ಆರಿಸದೆ ನಿಂತಿದ್ದಾರೆ. "ಹಿಂದೆ ಬಂದು ನೋಡ್ಬೇಕಿತ್ತು. ನಂದೇ ತಪ್ಪು," ಎನ್ನುತ್ತಲೇ ಬಂದು ಆ ನಾಲ್ಕರ ತಿರುಪನ್ನೂ ಬಿಚ್ಚುತ್ತಾರೆ. ಶೆಡ್ಡೆಲ್ಲ ಬುಸ್ಸೆನ್ನುತ್ತದೆ.

ಸದ್ದಿಗೆ ಡೈವಿಂಗ್ ಕೇಂದ್ರದ ಮಾಲೀಕರು ಓಡಿಬರುತ್ತಾರೆ. ಹೊರಗೆ ಆರು ಮಂದಿ ಈಜುಡುಪು ತೊಟ್ಟು ಕಾಯುತ್ತಿದ್ದಾರೆ.

"ಅಕ್ಕಾ, ಏನ್ಮಾಡ್ತಿದೀರಿ? ಪ್ರೆಷರ್ ಮೀಟರ್ ಸರಿಯಾಗೇ ತೋರಿಸ್ತಿತ್ತಲ್ಲ."

"ಮೀಟರ್ ನೀರಿಗಿಳಿಯಲ್ಲ ಸಾರ್, ಜನ ಇಳೀತಾರೆ. ಇಲ್ಲಿ ಒಂಚೂರು ಇರೋ ಹೊಗೆ ಇಪ್ಪತ್ತು ಮೀಟರ್ ಆಳದಲ್ಲಿ ಮೂರು ಪಟ್ಟು ಕಾಡುತ್ತೆ."

ಮತ್ತೆ ತುಂಬಲು ಒಂದು ಗಂಟೆ ಬೇಕು. ಪ್ರವಾಸಿಯೊಬ್ಬರು ಗೊಣಗುತ್ತಾರೆ: "ನಮ್ ರಜೆಯೆಲ್ಲ ಮೂಸಿ ನೋಡೋದ್ರಲ್ಲೇ ಮುಗೀತು."

ಕಾಲಿಗೆ ಈಜುವ ರಬ್ಬರ್ ರೆಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಮಗಳು ಅದನ್ನು ಬಿಚ್ಚಿ ಪಕ್ಕಕ್ಕಿಡುತ್ತಾಳೆ. "ಅಮ್ಮ ಬೇಡ ಅಂದ್ರೆ ನಾನಿಳಿಯಲ್ಲ ಸಾರ್. ನಾನಿಲ್ದೆ ನೀವೂ ಇಳಿಯೋ ಹಾಗಿಲ್ಲ. ಕೂತ್ಕೊಳ್ಳಿ, ಕಾಫಿ ತರಿಸ್ತೀನಿ."

ಮಾಲೀಕರು ಒಮ್ಮೆ ತಾಯಿಯನ್ನು, ಒಮ್ಮೆ ಮಗಳನ್ನು ನೋಡಿ, ತಾವೇ ಹೋಗಿ ಕಂಪ್ರೆಸರ್ ಶುರುಮಾಡುತ್ತಾರೆ. ಗಾಳಿಯಕ್ಕ ಪೈಪಿನ ಪಕ್ಕ ಕಾವಲು ನಿಲ್ಲುತ್ತಾರೆ.

ಎಂಟರ ಹೊತ್ತಿಗೆ ಎಲ್ಲರೂ ನೀರಿನೊಳಗೆ. ಗಾಳಿಯಕ್ಕ ದಡದ ಕಲ್ಲಿನ ಮೇಲೆ ಕೂತು, ಮಗಳ ಉಸಿರಿನ ಗುಳ್ಳೆಗಳು ಏಳುವ ಜಾಗದಿಂದ ಕಣ್ಣು ತೆಗೆಯುವುದಿಲ್ಲ. ತಂದಿಟ್ಟ ಕಾಫಿ ಕೆನೆಗಟ್ಟುತ್ತದೆ. ನಲವತ್ತು ನಿಮಿಷದ ಮೇಲೆ ಒಂದೊಂದೇ ತಲೆ ಮೇಲೇಳುತ್ತದೆ. ಕೊನೆಗೆ ಮಗಳದು.

"ಹೇಗಿತ್ತೇ ಗಾಳಿ?"

"ಸಪ್ಪೆ ಕಣಮ್ಮ. ರುಚಿನೇ ಇರ್ಲಿಲ್ಲ."

ಗಾಳಿಯಕ್ಕ ನನ್ನ ಕಡೆ ತಿರುಗುತ್ತಾರೆ.

"ಬರ್ಕೊಳ್ಳಿ. ಸಪ್ಪೆ ಬಡಿಸಿ ಭೇಷ್ ಅನ್ನಿಸ್ಕೊಳ್ಳೋಳು ಈ ಊರಲ್ಲಿ ನಾನೊಬ್ಬಳೇ."