ಸಾಗರದಿಂದ ತಂದ ಟಾರ್ಕ್ ರೆಂಚು

ಮಂಡಗದ್ದೆ ಇನ್ನೂ ಸ್ವಲ್ಪ ದೂರವಿರುವಾಗಲೇ ಕಾರಿನ ಸ್ಟಿಯರಿಂಗ್ ನಡುಗತೊಡಗಿತು. ರಸ್ತೆ ಸರಿಯಿಲ್ಲ ಅಂದರು ನನ್ನ ಯಜಮಾನರು. ಸಕ್ಕರೆ ಕಾಯಿಲೆಯ ಡಾಕ್ಟರನ್ನು ಕಾಣಲು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ತಿಂಗಳಿಗೊಮ್ಮೆ ನಾವು ಓಡಾಡುವ ರಸ್ತೆ ಅದು. ಅದರ ಹೊಂಡಗಳೆಲ್ಲ ನನಗೆ ಪರಿಚಯ, ಅಲ್ಲಿ ಹೊಂಡವಿರಲಿಲ್ಲ. ಆದರೂ ಸುಮ್ಮನಿದ್ದೆ. ಹಕ್ಕಿ ನೋಡಲು ಬಂದವರ ವ್ಯಾನುಗಳು ಸಾಲಾಗಿ ನಿಂತಿದ್ದ ಜಾಗದಲ್ಲಿ ಅವರು ಕಾರು ನಿಲ್ಲಿಸಿ, ಇಳಿದು, ಎಡಗಡೆಯ ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರು. ನಾನೂ ಬಗ್ಗಿ ನೋಡಿದೆ. ನಾಲ್ಕು ನಟ್ಟುಗಳಲ್ಲಿ ಒಂದು ಇರಲೇ ಇಲ್ಲ. ಅದರ ಪಕ್ಕದ್ದನ್ನು ಹಿಡಿದು ತಿರುಗಿಸಿದೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳದ ಹಾಗೆ ಬೆರಳಲ್ಲೇ ತಿರುಗಿತು.

ಹಿಂದಿನ ಭಾನುವಾರ ಆ ಚಕ್ರವನ್ನು ಬಿಚ್ಚಿ ಮತ್ತೆ ಹಾಕಿದವರು ಅವರೇ.

ಡಿಕ್ಕಿಯಿಂದ ಸ್ಪ್ಯಾನರ್ ತೆಗೆದು ಉಳಿದ ಮೂರನ್ನು ಬಿಗಿದರು. ನನಗೆ ಧೈರ್ಯ ಸಾಲದೆ ಒಂದು ವ್ಯಾನಿನ ಡ್ರೈವರನ್ನು ಕರೆದೆ. ಅವನು ಅದೇ ಸ್ಪ್ಯಾನರ್ ಹಾಕಿ ಒಂದೊಂದನ್ನೂ ಇನ್ನೂ ಅರ್ಧ ಸುತ್ತು ತಿರುಗಿಸಿದ.

"ಯಾರು ಸರ್ ಇದನ್ನ ಹಾಕಿದ್ದು? ಆ ಪುಣ್ಯಾತ್ಮನ ಗ್ಯಾರೇಜಿಗೆ ಮತ್ತೆ ಹೋಗ್ಬೇಡಿ ನೀವು" ಅಂದ.

"ಇಲ್ಲ, ಹೋಗಲ್ಲ" ಅಂದರು ಇವರು.

ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಕಾರು ಸಣ್ಣದು, ಹಳೆಯದು. ಅದರ ಎಣ್ಣೆ ಬದಲಿಸುವುದು, ಪ್ಲಗ್ ಒರೆಸುವುದು, ಚಕ್ರ ಅದಲುಬದಲು ಮಾಡುವುದು, ಎಲ್ಲ ಅವರದೇ ಕೈಯಲ್ಲಿ, ಭಾನುವಾರ ಬೆಳಿಗ್ಗೆ. ಯಾವುದಕ್ಕೂ ಅಳತೆಯಿಲ್ಲ, ಕೈ ಅಂದಾಜು. ಬಿಗಿಯುತ್ತಾ ಹೋದರೆ ಸಾಕು ಅಂತ ನಟ್ಟೇ ಹೇಳುತ್ತದೆ ಅನ್ನುವರು. ಅದು ನನಗೆ ಬೇಗ ಅರ್ಥವಾಗುತ್ತಿತ್ತು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್ ದಾರದ ಬಿಗಿಯನ್ನು ಕಣ್ಣುಮುಚ್ಚಿ ಎಳೆದು ನೋಡಲು ಹೇಳುತ್ತಿದ್ದರು. ಈಗಲೂ ನಾನು ಹೊಲಿಗೆ ಮಿಶನ್ನಿನ ದಾರವನ್ನು ಹಾಗೇ ನೋಡುವುದು.

ಅವರ ಬೆರಳುಗಳು ಯಾವಾಗ ಕೈಬಿಟ್ಟವೋ ನನಗೆ ಸರಿಯಾಗಿ ಗೊತ್ತಿಲ್ಲ. ಒಂದು ದಿನ ಒಲೆಯಿಂದ ಇಳಿಸಿದ ಕಾಫಿಯ ಸ್ಟೀಲ್ ಲೋಟವನ್ನು ಬಾಯಿಯ ಹತ್ತಿರ ತರುವವರೆಗೂ ಹಿಡಿದುಕೊಂಡೇ ಇದ್ದರು. ನಾನು ಸೆರಗು ಸುತ್ತಿಕೊಂಡು ಇಳಿಸಿದ ಲೋಟ ಅದು. ಸಕ್ಕರೆಯಿಂದ ಬೆರಳಿನ ನರಗಳಿಗೆ ಪೆಟ್ಟಾಗಿದೆ, ಹೋದದ್ದು ತಿರುಗಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ನೋಡೋಣ ಅಂದರು ಡಾಕ್ಟರು. ಅವರು 'ನೋಡೋಣ' ಅಂದ ರೀತಿಯಲ್ಲೇ, ಉಳಿದದ್ದೂ ಹೋಗಲಿದೆ ಎಂದು ನನಗೆ ಕಾಣಿಸಿತು.

ಮಂಡಗದ್ದೆಯ ಆ ದಿನದ ನಂತರ ನಾನು ಮದುವೆಯಾದ ಮೇಲೆ ಮೊದಲ ಬಾರಿಗೆ ಹಟ ಹಿಡಿದೆ. ಇನ್ನು ಕಾರಿನ ಕೆಲಸ ಗ್ಯಾರೇಜಿಗೆ ಹೋಗಬೇಕು, ಇಲ್ಲದಿದ್ದರೆ ನಾನು ಅದರಲ್ಲಿ ಕೂರುವುದಿಲ್ಲ ಅಂದೆ.

ಮೂರನೆಯ ದಿನ ಊಟದ ಮಧ್ಯೆ ಅವರೇ ಬಾಯಿಬಿಟ್ಟರು. "ಟಾರ್ಕ್ ರೆಂಚು ಅಂತ ಬರುತ್ತೆ. ಎಷ್ಟು ಬಿಗೀಬೇಕು ಅಂತ ಹಿಡಿಕೆ ತಿರುಗಿಸಿ ಇಟ್ರೆ ಆಯ್ತು. ಅಷ್ಟಾದ ಕೂಡ್ಲೇ ಟಕ್ ಅನ್ನುತ್ತೆ. ಕೈ ಅಂದಾಜು ಬೇಕಿಲ್ಲ."

"ಗ್ಯಾರೇಜಿಗೆ ಕೊಟ್ರೆ ಆಗಲ್ವಾ?"

"ಕೊಡಬಹುದು. ಆದ್ರೆ ಭಾನುವಾರ ನಾನೆಂತ ಮಾಡ್ಲಿ ಮಾರಾಯ್ತಿ? ಮೈ ಒಂದೊಂದೇ ಬಿಡ್ತಾ ಬಂತು. ಇದೊಂದನ್ನ ಆದಷ್ಟು ದಿನ ನಾನೇ ಮಾಡ್ತೀನಿ."

ಅನ್ನ ಕಲಸುತ್ತಿದ್ದ ಅವರ ಕೈಯನ್ನೇ ನೋಡಿದೆ. ಒಪ್ಪಿಕೊಂಡೆ.

ತೀರ್ಥಹಳ್ಳಿಯ ಅಂಗಡಿಗಳಲ್ಲಿ ಸಿಗಲಿಲ್ಲ. ಫೋನಿನಲ್ಲಿ ತರಿಸಿಕೊಳ್ಳಬಹುದಿತ್ತು, ಕೈಯಲ್ಲಿ ಹಿಡಿದು ನೋಡದೆ ಕೊಳ್ಳುವುದಿಲ್ಲ ಅಂದರು. ಸಾಗರದಲ್ಲಿ ಅಂಥ ಸಾಮಾನಿನ ದೊಡ್ಡ ಅಂಗಡಿಯಿದೆ ಎಂದು ಯಾರೋ ಹೇಳಿದರು. ಹೊಸನಗರದ ಮೇಲೆ ಹೋಗುವ ಬಸ್ಸಿನಲ್ಲಿ ಹೊರಟೆವು. ಕಾರು ತರಲಿಲ್ಲ.

ಅಂಗಡಿಯವರು ದಪ್ಪ ಮೀಸೆಯ ಹಸನ್ಮುಖಿ. ಕಾರಿಗೆ ಬೇಕು, ಮನೆಯಲ್ಲೇ ಕೆಲಸ ಮಾಡಿಕೊಳ್ಳುವುದು ಎಂದು ಇವರು ಅಂದಾಗ ನನ್ನ ಕಡೆ ತಿರುಗಿದರು.

"ಹಂಗಾರೆ ಅಕ್ಕಾರೇ ಹೇಳ್ಬೇಕು ಯಾವುದು ಅಂತ. ಮನೇಲಿ ಜಾಗ ಕೊಡೋರು ಅವ್ರಲ್ದಾ?"

ಮೂರನ್ನು ಗಾಜಿನ ಮೇಲೆ ಇಟ್ಟರು. ಒಂದು ನನ್ನ ತೋಳಿನಷ್ಟು ಉದ್ದದ್ದು. ಒಂದು ಸಣ್ಣದು, ಮೊಣಕೈಯಿಂದ ಮಣಿಕಟ್ಟಿನವರೆಗೆ ಬರುವಷ್ಟು. ಹಿಡಿಕೆಯ ಮೇಲೆ ಥರ್ಮಾಮೀಟರಿನಂತೆ ಸಪೂರ ಗೆರೆಗಳು, ಇಪ್ಪತ್ತರಿಂದ ನೂರಾ ಹತ್ತರವರೆಗೆ. ಇನ್ನೊಂದಕ್ಕೆ ಪುಟ್ಟ ಪರದೆ. ಬಿಗಿಯಾದ ಕೂಡಲೇ ಕೆಂಪು ದೀಪ ಹತ್ತಿ ಕುಂಯ್ ಎಂದು ಕೂಗುತ್ತದೆ.

ಇವರು ಪಾಠ ಶುರು ಮಾಡಿದರು. ಉದ್ದದ್ದು ಇಂಜಿನ್ನಿನ ಸಂದಿಗೆ ಹೋಗುವುದಿಲ್ಲ. ಸಣ್ಣದಾದರೆ ಹಿಡಿಕೆ ಗಿಡ್ಡ, ಅದಕ್ಕೆ ಎಳೆಯುವ ಬಲ ಜಾಸ್ತಿ ಬೇಕು, ಯಾಕೆಂದರೆ ಬಲವನ್ನು ದೂರದಿಂದ ಗುಣಿಸಿದಾಗ...

"ನೀವು ಮೇಷ್ಟ್ರಾ?" ಅಂಗಡಿಯವರು ಕೇಳಿದರು.

"ಗೊತ್ತಾಗಿಬಿಡ್ತಾ?"

"ಇಷ್ಟೊತ್ತು ನಾನು ಕೈಕಟ್ಟಿ ನಿಂತಿದ್ದು ನೋಡಿ ನಂಗೇ ಗೊತ್ತಾಯ್ತು ಬಿಡಿ."

ಎಲ್ಲರೂ ನಕ್ಕೆವು. ಇವರನ್ನು ಅಷ್ಟು ಹಗುರವಾಗಿ ನೋಡಿ ಬಹಳ ದಿನಗಳಾಗಿದ್ದವು. ಸಣ್ಣ ರೆಂಚನ್ನೇ ಕೈಗೆತ್ತಿಕೊಂಡರು. ಚಕ್ರಕ್ಕೂ ಸಾಕು, ಎಣ್ಣೆ ಬೋಲ್ಟಿಗೂ ಆಗುತ್ತದೆ, ಸೀಟಿನ ಕೆಳಗೆ ಇಡಬಹುದು. ಅಂಗಡಿಯವರು ಮೇಜಿಗೆ ಬಿಗಿದಿದ್ದ ಒಂದು ಬೋಲ್ಟಿಗೆ ಅದನ್ನು ಸಿಕ್ಕಿಸಿ ಕೊಟ್ಟರು. "ಎಳೀರಿ. ಟಕ್ ಅಂದ್ರೆ ಬಿಡಿ. ಅದು ಕೈ ಹಿಡಿದು ನಿಲ್ಸಲ್ಲ, ಮತ್ತೆ ಎಳೆದ್ರೆ ಮತ್ತೂ ಬಿಗಿಯಾಗುತ್ತೆ. ಶಬ್ದ ಕೇಳ್ದಿದ್ರೂ ಅಡ್ಡಿಲ್ಲ, ಅಂಗೈಗೆ ಗೊತ್ತಾಗುತ್ತೆ."

ಇವರು ಎಳೆದರು. ಹೊರಗೆ ಆಟೋಗಳ ಸದ್ದಿದ್ದರೂ ಆ ಸಣ್ಣ ಟಕ್ ನನಗೆ ಕೇಳಿಸಿತು. ಅಂಥ ಸಪೂರ ಸದ್ದು ಇವರ ಕಿವಿಗೆ ಈಚೆಗೆ ಬೀಳುತ್ತಿರಲಿಲ್ಲ. ಇವರ ಕೈ ನಿಲ್ಲಲಿಲ್ಲ. ಕಣ್ಣು ರೆಂಚಿನ ಮೇಲಿರಲಿಲ್ಲ, ಅಂಗಡಿಯವರ ಮುಖದ ಮೇಲಿತ್ತು. ಅವರ ಹುಬ್ಬು ಮೇಲೇರಿದ್ದೇ ಇವರು ಕೈ ಸಡಿಲಿಸಿ "ಹಾಂ, ಬಂತು" ಅಂದರು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಅಂಗಡಿಯವರು ಇನ್ಯಾರಿಗೋ ಮೊಳೆ ತೂಗುತ್ತಿದ್ದರು. ಟಕ್ ಆಯಿತು. ಇವರು ಎಳೆಯುತ್ತಲೇ ಇದ್ದರು, ಮೇಜು ನೆಲದ ಮೇಲೆ ಜರುಗುವವರೆಗೆ.

"ಸಾಕು ಸಾಕು ಮೇಷ್ಟ್ರೆ, ಮೇಜು ನಮ್ಮಪ್ಪನ ಕಾಲದ್ದು."

ಮತ್ತೆ ನಗು. ಇವರೂ ನಕ್ಕರು.

ನಾನು ಪರದೆ ಇದ್ದದ್ದನ್ನು ಎತ್ತಿಕೊಂಡೆ. "ಇದು ಚೆನ್ನಾಗಿದೆಯಲ್ಲ ರೀ" ಅಂದೆ, ಆದಷ್ಟು ಮೆಲ್ಲಗೆ.

"ಬ್ಯಾಟರಿ ಮುಗಿದ್ರೆ? ಮಕ್ಕಳ ಆಟದ ಸಾಮಾನು ಅದು. ಕುಂಯ್ ಕುಂಯ್ ಅನ್ಕೊಂಡು."

ಅದನ್ನು ಹಿಂದಕ್ಕಿಟ್ಟೆ. ನಾಲ್ಕು ಜನರ ಎದುರು ಯಾರ ತಪ್ಪನ್ನೂ ಎತ್ತಿ ಆಡಬಾರದೆಂದು ಸಿಸ್ಟರ್‌ಗಳು ಕಲಿಸಿದ್ದರು, ಅದನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದೇನೆ. ಆದರೆ ಆ ದಿನ ನನ್ನನ್ನು ತಡೆದದ್ದು ಒಳ್ಳೆಯ ನಡತೆಯೊಂದೇ ಅಲ್ಲ. ನಿಮ್ಮ ಕೈಗೆ ಗೊತ್ತಾಗಲಿಲ್ಲ ಎಂದು ಹೇಳಿದರೆ, ನನಗೆ ತಿಳಿದಿದೆ ಎಂದು ಅವರಿಗೆ ತಿಳಿಯುತ್ತದೆ. ಆಮೇಲೆ ಮನೆಯಲ್ಲಿ ಇಬ್ಬರೂ ಎಲ್ಲಿ ಮುಖ ಇಟ್ಟುಕೊಳ್ಳುವುದು? ಸಣ್ಣ ರೆಂಚನ್ನೇ ಕೊಂಡು ಬಸ್ಸು ಹತ್ತಿದೆವು. ಅದರ ಜೊತೆ ಬಂದ ಇಂಗ್ಲಿಷ್ ಚೀಟಿಯನ್ನು ಓದಿ ಅರ್ಥ ಹೇಳಿದೆ. ಕೆಲಸ ಮುಗಿದ ಮೇಲೆ ಅಳತೆಯನ್ನು ಕೆಳಗಿನ ಗೆರೆಗೆ ಇಳಿಸಿಡಬೇಕು, ಬಿಚ್ಚಲು ಬಳಸಬಾರದು, ಬೀಳಿಸಬಾರದು. ಟಕ್ ಅಂದೊಡನೆ ನಿಲ್ಲಿಸಬೇಕು ಎಂದು ದಪ್ಪ ಅಕ್ಷರದಲ್ಲಿತ್ತು. ಅದನ್ನೂ ಓದಿದೆ. "ಗೊತ್ತು" ಅಂದು ಕಿಟಕಿಯ ಕಡೆ ತಿರುಗಿದರು.

ಮೊದಲ ಭಾನುವಾರ ಅವರೇ ಕರೆದರು. "ಬಾ ಇಲ್ಲಿ, ಹೊಸ ಸಾಮಾನಿನ ಕೆಲಸ ನೋಡು." ಒದ್ದೆ ಕೈ ಒರೆಸಿಕೊಳ್ಳುತ್ತಾ ಹೋಗಿ ಚಕ್ರದ ಪಕ್ಕ ನಿಂತೆ. ಮೊದಲನೆಯ ನಟ್ಟು. ಟಕ್. ಅವರು ಎಳೆಯುತ್ತಿದ್ದರು. ನನ್ನ ಬಾಯಿಂದ ತಾನಾಗಿ "ಬಂತು" ಎಂದು ಬಂದುಬಿಟ್ಟಿತು. ಅವರ ಕೈ ನಿಂತಿತು. ತಲೆ ಎತ್ತಲಿಲ್ಲ. ಎರಡನೆಯ ನಟ್ಟಿಗೆ ಹಾಕಿ ಮೆಲ್ಲಗೆ ಎಳೆದರು, ನಾನು ಹೇಳುವವರೆಗೆ.

ಅದರ ಬಗ್ಗೆ ನಾವು ಯಾವತ್ತೂ ಮಾತಾಡಿಕೊಳ್ಳಲಿಲ್ಲ. ಭಾನುವಾರ ಅವರು ರೆಂಚಿನ ಪೆಟ್ಟಿಗೆ ತೆಗೆದರೆ ನಾನು ಸಾರಿನ ಉರಿ ಸಣ್ಣ ಮಾಡಿ ಹೋಗಿ ನಿಲ್ಲುತ್ತಿದ್ದೆ. ಬಂತು. ಬಂತು. ಬಂತು. ಪಕ್ಕದ ಮನೆಯವರು ಬೇಲಿಯಾಚೆಯಿಂದ "ಅಮ್ಮಾರೂ ಮೆಕ್ಯಾನಿಕ್ ಆದ್ರಲ್ಲ" ಎಂದು ಛೇಡಿಸಿದರೆ, "ಹೆಡ್ ಮೆಕ್ಯಾನಿಕ್ ಅವ್ಳೇ, ನಾನು ಕೂಲಿ" ಅನ್ನುತ್ತಿದ್ದರು ಇವರು. ಆ ವಾರಗಳು ಹಾಗೇ ನಡೆದಿದ್ದರೆ ನನಗೆ ಮತ್ತೇನೂ ಬೇಕಿರಲಿಲ್ಲ. ನಿಂತು ಒಂದು ಮಾತು ಹೇಳುವುದು ಎಷ್ಟರ ಕೆಲಸ.

ಎಣ್ಣೆ ಬದಲಿಸುವ ಭಾನುವಾರ ಬಂತು. ಕಾರನ್ನು ಎತ್ತಿ ನಿಲ್ಲಿಸಿ, ಗೋಣಿ ಹಾಸಿ ಕೆಳಗೆ ಮಲಗಿದರು. ಹಳೆಯ ಎಣ್ಣೆ ಇಳಿದು, ಅಡಿಯ ಬೋಲ್ಟನ್ನು ಮತ್ತೆ ಹಾಕಿ ಬಿಗಿಯುವ ಹೊತ್ತಿಗೆ ಹೊಸನಗರದಿಂದ ನನ್ನ ತಂಗಿಯ ಫೋನು. ನಮ್ಮಲ್ಲಿ ಸಿಗ್ನಲ್ ಬರುವುದು ಗೇಟಿನ ಹತ್ತಿರ. "ಬಂದೆ" ಎಂದು ಹೇಳಿ ಹೋದೆ. ನಾನು ಬರುವವರೆಗೆ ಬೋಲ್ಟು ಬಿಗಿಯಬೇಡಿ ಅನ್ನಬೇಕಿತ್ತು. ಹಾಗೆ ಅಂದರೆ ಅಷ್ಟು ದಿನ ಮುಚ್ಚಿಟ್ಟದ್ದನ್ನು ಬಿಚ್ಚಿದಂತೆ. ತಂಗಿಯ ಮಾತು ಮುಗಿಯಲು ಅರ್ಧ ಗಂಟೆ ಹಿಡಿಯಿತು. ತಿರುಗಿ ಬಂದಾಗ ರೆಂಚು ಒರೆಸಿಕೊಂಡು ಪೆಟ್ಟಿಗೆಯಲ್ಲಿತ್ತು, ಅವರು ಸ್ನಾನಕ್ಕೆ ಹೋಗಿದ್ದರು.

"ಆಯ್ತಾ?" ಬಚ್ಚಲ ಬಾಗಿಲ ಹೊರಗಿನಿಂದ ಕೇಳಿದೆ.

"ಆಯ್ತು."

ಮರುದಿನ ಬಟ್ಟೆಗೆ ಸೋಪಿನ ಪುಡಿ ತೆಗೆಯಲು ಹೋದರೆ ಪೊಟ್ಟಣದ ಬಾಯಿ ಒಳಮಡಿಕೆಯಾಗಿತ್ತು. ನಾನು ಹೊರಕ್ಕೆ ಮಡಚಿ ಕ್ಲಿಪ್ ಹಾಕುವವಳು. ಕಾಲು ಭಾಗ ಪುಡಿ ಇರಲಿಲ್ಲ. ಕಾರಿನ ಕೆಳಗೆ ಬಗ್ಗಿ ನೋಡಿದೆ. ನೆಲಕ್ಕೆ ಪುಡಿ ಹಾಕಿ ಉಜ್ಜಿದ ಬಿಳಿ ಕಲೆ, ಅದರ ಮೇಲೆ ರಾತ್ರಿಯಿಡೀ ತೊಟ್ಟಿಕ್ಕಿದ ಹೊಸ ಎಣ್ಣೆ. ಹಿಂದಿನ ದಿನದ ಶರ್ಟಿನ ಜೇಬಿನಲ್ಲಿ ಒಂದು ಚೂರು ಬಟ್ಟೆ, ಅದರೊಳಗೆ ಸುರುಳಿ ಸುರುಳಿಯಾದ ಬೆಳ್ಳಗಿನ ಲೋಹದ ಎಳೆಗಳು. ಬೋಲ್ಟು ಕೂರುವ ತೂತಿನ ಒಳಸುತ್ತಿನ ಥ್ರೆಡ್ಡು ಪೂರ್ತಿ ಕಿತ್ತು ಬಂದಿತ್ತು.

ಅವರು ಶಾಲೆಯಿಂದ ಬಂದ ಮೇಲೆ ಆ ಚೂರು ಬಟ್ಟೆಯನ್ನು ಮುಂದೆ ಇಟ್ಟೆ.

"ಎಳೆದೆ. ಎಳೀತಾನೇ ಇದ್ದೆ. ಆಮೇಲೆ ಫಕ್ಕನೆ ಹಗುರ ಆಯ್ತು" ಅಂದರು. "ಅದೇ ಟಕ್ ಅಂತ ತಿಳ್ಕೊಂಡೆ. ನಂಗೇ ಗೊತ್ತಾಯ್ತಲ್ಲ ಅಂತ ಖುಷಿಯಾಯ್ತು ಕಣೆ. ನಿನ್ನ ಕರೆದು ಹೇಳ್ಬೇಕು ಅಂತಿದ್ದೆ. ಹೊಸ ಎಣ್ಣೆ ಹೊಯ್ದು ಕೆಳಗೆ ಬಗ್ಗಿದ್ರೆ ಮುಖಕ್ಕೇ ಬಿತ್ತು."

ಆ ದಿನ ಸಾಗರದಲ್ಲಿ ಒಂದು ಮಾತು ಆಡಿದ್ದರೆ ಪರದೆಯ ರೆಂಚು ಬರುತ್ತಿತ್ತು, ಅದರ ಕೆಂಪು ದೀಪ ಇವರ ಕಣ್ಣಿಗೆ ಕಾಣುತ್ತಿತ್ತು. ಆಗ ನೊಂದುಕೊಳ್ಳುತ್ತಿದ್ದರು, ನಿಜ. ಆದರೆ ಭಾನುವಾರಗಳು ಉಳಿಯುತ್ತಿದ್ದವು. ಮತ್ತೆ ಹೋಗಿ ಅದನ್ನೇ ತರೋಣ ಎಂದು ಈಗ ಹೇಳಿದೆ. ತಲೆಯಾಡಿಸಿದರು. "ಬೇಡ. ನೋಡಿ ಆಯ್ತಲ್ಲ." ಗ್ಯಾರೇಜಿನವರು ಬಂದು ಕಾರನ್ನು ಕಟ್ಟಿ ಎಳೆದುಕೊಂಡು ಹೋದರು. ಅದು ರಿಪೇರಿಯಾಗಿ ಬಂದ ಮೇಲೆ ಇವರು ಬಾನೆಟ್ ಎತ್ತಿದ್ದನ್ನು ನಾನು ಕಂಡಿಲ್ಲ. ಭಾನುವಾರ ಪತ್ರಿಕೆ ಹಿಡಿದು ಕೂರುತ್ತಾರೆ. ಒಂದೇ ಪುಟ ಬಹಳ ಹೊತ್ತು ಇರುತ್ತದೆ.

ರೆಂಚನ್ನು ತಂಗಿಯ ಗಂಡನಿಗೆ ಕೊಟ್ಟು ಬಾ ಅಂದರು. ಹೊಸನಗರದಲ್ಲಿ ಅವನಿಗೊಂದು ಜೀಪಿದೆ. ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ಅವನು ಅಂಗಳದಲ್ಲೇ ಜೀಪಿನ ಚಕ್ರಕ್ಕೆ ಹಾಕಿ ನೋಡಿದ. "ಎಷ್ಟು ಚೊಕ್ಕ ಬಿಡ್ತದೆ ಅತ್ತಿಗೆ, ಬೆರಳ ತುದಿಗೆ ಹೊಡ್ದಂಗೆ. ಭಾವ ಯಾಕೆ ಕೊಟ್ರು ಇದನ್ನ?" ಎಂದು ಕೇಳಿದ. ಅವರಿಗೆ ಈಗ ಬಿಡುವಿಲ್ಲ ಅಂದೆ.

ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದೆ. ಇವರು ಬಾಗಿಲು ತೆಗೆದು, ನಾನು ಚೀಲ ಇಳಿಸುವ ಮೊದಲೇ ಕೇಳಿದರು.

"ಹಾಕಿ ನೋಡಿದ್ನಾ?"

"ನೋಡಿದ."

"ಅವನ ಕೈಗೆ ಗೊತ್ತಾಯ್ತಾ?"

ಸುಳ್ಳು ಹೇಳಲು ಮನಸ್ಸಾಯಿತು. ಸುಮ್ಮನಿದ್ದು ಏನಾಯಿತೆಂದು ನೋಡಿಯಾಗಿತ್ತು. "ಗೊತ್ತಾಯ್ತು" ಅಂದೆ.

"ಹ್ಞೂಂ" ಅಂದರು. ಒಳಗೆ ಹೊರಟವರು ನಿಂತರು. ಎಲ್ಲಿಗೋ ಹೊರಡಲೆಂದು ಇಸ್ತ್ರಿಯ ಶರ್ಟು ಹಾಕಿಕೊಂಡಿದ್ದರು, ಒಂದು ಗುಂಡಿಯನ್ನೂ ಹಾಕಲು ಆಗಿರಲಿಲ್ಲ. ಎಷ್ಟು ಹೊತ್ತಿನಿಂದ ಒದ್ದಾಡುತ್ತಿದ್ದರೋ, ಎದೆಯ ಹತ್ತಿರ ಬಟ್ಟೆ ಬೆವರಿಗೆ ಮುದುರಿತ್ತು. ಶರ್ಟಿನ ಎರಡು ಅಂಚುಗಳನ್ನು ನನ್ನ ಕಡೆ ಚಾಚಿದರು. ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತಾ ಬಂದೆ. ಅವರು ಗೋಡೆ ನೋಡುತ್ತಾ ನಿಂತಿದ್ದರು. ಮುಗಿಯಿತೆಂದು ನಾನು ಹೇಳಲೇಬೇಕಾಯಿತು.